ಪುಣೆಯಿಂದ ಗೋವಾಕ್ಕೆ ಕ್ಯಾಂಪರ್ ವ್ಯಾನ್: ಮೊದಲು ರಾತ್ರಿಯ ಜಾಗ, ಆಮೇಲೆ ದಾರಿ

ಕ್ಯಾಂಪರ್ ವ್ಯಾನಿನಲ್ಲಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿಯಲ್ಲಿ, ಹೊರಡುವವರು ನಕ್ಷೆಯಲ್ಲಿ ಮೊದಲು ಗುರುತು ಹಾಕಬೇಕಾದದ್ದು ರಾತ್ರಿ ಗಾಡಿ ನಿಲ್ಲುವ ಜಾಗಗಳಿಗೆ. ನೀರು, ಕರೆಂಟು, ಶೌಚದ ತೊಟ್ಟಿ ಮೂರರ ಲೆಕ್ಕವೂ ಅಲ್ಲಿಂದಲೇ ಶುರು. ಪುಣೆಯಿಂದ ತಾಮ್ಹಿಣಿ ಘಾಟ್ ಇಳಿದು ಮಾಣಗಾಂವ್ ಮೂಲಕ ಹರಿಹರೇಶ್ವರ, ಅಲ್ಲಿಂದ ದಕ್ಷಿಣಕ್ಕೆ ವೇಳ್ಣೇಶ್ವರ, ಗಣಪತಿಪುಳೆ, ತಾರ್ಕರ್ಲಿ, ಕೊನೆಗೆ ಗೋವಾ. ಈ ನಾಲ್ಕೂ ತಂಗುದಾಣಗಳಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ರೆಸಾರ್ಟುಗಳಿವೆ. ಆವರಣದಲ್ಲಿ ವ್ಯಾನ್ ನಿಲ್ಲಿಸಿ ಕರೆಂಟು ಎಳೆದುಕೊಳ್ಳಲು ಬಿಡುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಒಂದು ಕೋಣೆ ಹಿಡಿದರೆ ಸ್ನಾನ, ಶೌಚ, ಪ್ಲಗ್ ಎಲ್ಲವೂ ಒಟ್ಟಿಗೆ ಬಗೆಹರಿಯುತ್ತವೆ. ಆ ಖರ್ಚು ದಂಡವಲ್ಲ.

ಕರಾವಳಿ ರಸ್ತೆಯಲ್ಲಿ ಗಂಟೆಗೆ 25–30 ಕಿ.ಮೀ.ಗಿಂತ ಹೆಚ್ಚು ಲೆಕ್ಕ ಹಿಡಿಯಬೇಡಿ. ಘಾಟ್ ಇಳಿಯುವ ಮೊದಲ ದಿನ ಬಿಟ್ಟರೆ ದಿನಕ್ಕೆ 100 ಕಿ.ಮೀ. ಸಾಕು. ಸಂಜೆ ನಾಲ್ಕರೊಳಗೆ ತಲುಪಿ, ಬೆಳಕಿರುವಾಗಲೇ ನೆಲ ಸಮವಿದೆಯೇ, ಮೇಲೆ ತಂತಿ ಜೋತುಬಿದ್ದಿದೆಯೇ ನೋಡಿ. ನೆರಳು ಸಿಕ್ಕಿತೆಂದು ತೆಂಗಿನ ಮರದಡಿ ನಿಲ್ಲಿಸಿದರೆ ಒಂದೇ ಕಾಯಿ ಸೋಲಾರ್ ಫಲಕವನ್ನು ಒಡೆದುಹಾಕುತ್ತದೆ. ಖಾಸಗಿ ತೋಟವಾದರೆ ಯಜಮಾನರನ್ನು ಕೇಳಿ: "ರಾತ್ರಿ ಇಥೆ ಗಾಡಿ ಲಾವಲಿ ತರ ಚಾಲೇಲ್ ಕಾ?" (ರಾತ್ರಿ ಇಲ್ಲಿ ಗಾಡಿ ನಿಲ್ಲಿಸಿದರೆ ಆದೀತೇ?) ಈ ಒಂದು ಮರಾಠಿ ವಾಕ್ಯಕ್ಕೆ ಅಂಗಳ, ಬಾವಿ ಎರಡೂ ತೆರೆದುಕೊಳ್ಳಬಹುದು.

ಬಾಡಿಗೆ ವ್ಯಾನಾದರೆ ಬಾಡಿಗೆ ವಾಹನದ ನಂಬರ್ ಪ್ಲೇಟ್ (ಚಾಲಕನೊಂದಿಗೆ ಬರುವುದಕ್ಕೆ ಹಳದಿ, ನೀವೇ ಓಡಿಸುವುದಕ್ಕೆ ಹಳದಿ ಅಕ್ಷರಗಳ ಕಪ್ಪು) ಮತ್ತು ಗೋವಾಕ್ಕೂ ಸಲ್ಲುವ ಪರ್ಮಿಟ್ ಇರಲೇಬೇಕು. ಆರ್‌ಸಿಯಲ್ಲಿ ಸರಕು ವಾಹನವೆಂದಿದ್ದು ಒಳಗೆ ಹಾಸಿಗೆ ಹಾಕಿದ್ದರೆ ಹತ್ತಬೇಡಿ, ಅಪಘಾತವಾದಾಗ ವಿಮೆ ಕೈಕೊಡುವುದು ಇಂಥ ಕಡೆಯೇ. ವ್ಯಾನಿನ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಎದುರು ಅಂಟಿಸಿ. ಪಾರ್ಕಿಂಗ್ ಕಮಾನಿನ ಮುಂದೆ ನಿಂತಾಗ ಅಂದಾಜು ಸಾಲದು.

ಕರೆಂಟಿನಲ್ಲಿ ಬ್ಯಾಟರಿ ಇದ್ದಷ್ಟೇ ಕಾಲು ಚಾಚಬೇಕು. 100 ಆಂಪಿಯರ್-ಅವರ್‌ನ 12.8 ವೋಲ್ಟ್ ಲಿಥಿಯಂ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇರುತ್ತದೆ. ಬಳಕೆಗೆ 1,000 ಎಂದು ಹಿಡಿಯಿರಿ. 45 ವ್ಯಾಟಿನ ಫ್ರಿಜ್ ಅರ್ಧ ಹೊತ್ತು ಓಡಿದರೂ ದಿನಕ್ಕೆ 540. ತಲಾ 20 ವ್ಯಾಟಿನ ಎರಡು ಫ್ಯಾನ್ ಎಂಟು ಗಂಟೆ ತಿರುಗಿದರೆ 320. ದೀಪ, ಮೊಬೈಲಿಗೆ 100. ಅಲ್ಲಿಗೆ ಮುಗಿಯಿತು. 1,000 ವ್ಯಾಟಿನ ಏಸಿ ಹಾಕಿದರೆ ಅದೇ ಬ್ಯಾಟರಿ ಒಂದು ಗಂಟೆಯಲ್ಲಿ ಬರಿದು. ಹೀಗಾಗಿ ಏಸಿ ಬೇಕೆಂದರೆ 16 ಆಂಪಿಯರ್ ಪಾಯಿಂಟ್ ಇರುವಲ್ಲೇ ತಂಗಿ. 2.5 ಚದರ ಮಿ.ಮೀ. ದಪ್ಪದ ಮೂರೆಳೆ ತಾಮ್ರದ ವೈರು 20 ಮೀಟರ್ ಒಯ್ಯಿರಿ, ಬಳಸುವಾಗ ಸುರುಳಿಯನ್ನು ಪೂರ್ತಿ ಬಿಚ್ಚಿ. ಸುತ್ತಿಟ್ಟ ವೈರಿನ ಬಿಸಿ ಹೊರಹೋಗದೆ ಹೊದಿಕೆಯೇ ಕರಗುತ್ತದೆ. ಅರ್ಥಿಂಗ್ ಇದೆಯೇ ಎಂದು ಸಾಕೆಟ್ ಟೆಸ್ಟರ್‌ನಿಂದ ನೋಡದೆ ಪ್ಲಗ್ ಚುಚ್ಚಬೇಡಿ. ಇಲ್ಲವಾದರೆ ದೋಷವಿದ್ದ ದಿನ ವ್ಯಾನಿನ ಲೋಹದ ಮೈಯೇ ಶಾಕ್ ಹೊಡೆಯುತ್ತದೆ.

ನೀರು ತಲೆಗೆ ದಿನಕ್ಕೆ 15–20 ಲೀಟರ್. ನೂರು ಲೀಟರ್ ಎಂದರೆ ನೂರು ಕಿಲೋ, ಆ ಭಾರ ಘಾಟಿನಲ್ಲಿ ಬ್ರೇಕಿನ ಮೇಲೆ ಬೀಳುತ್ತದೆ. ಪುಣೆಯಿಂದ 20–30 ಲೀಟರ್ ಹಾಕಿಕೊಂಡು ಹೊರಟು ಘಾಟ್ ಇಳಿದ ಮೇಲೆ ಮಾಣಗಾಂವ್ ಸುತ್ತ ತುಂಬಿಸುವುದು ಒಳ್ಳೆಯದು. ಕಡಲು, ಖಾಡಿಗಳ (ಕಡಲು ಒಳನುಗ್ಗಿದ ಹಿನ್ನೀರಿನ) ಪಕ್ಕದ ಬೋರಿನ ನೀರು ಉಪ್ಪಾಗಿರಬಹುದು, ನಾಲಿಗೆಗೆ ಹಚ್ಚಿ ನೋಡದೆ ಪೈಪ್ ಬಿಡಬೇಡಿ. ಇಳಿಜಾರಿನಲ್ಲಿ ಎರಡನೇ ಗೇರ್. ಬ್ರೇಕ್ ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ಅರ್ಧ ಗಂಟೆ ನಿಲ್ಲಿಸಿ, ಕಾದ ಡ್ರಮ್ಮಿಗೆ ನೀರು ಎರಚಿದರೆ ಸೀಳುತ್ತದೆ.

ಬಾಗಮಾಂಡ್ಲಾ–ವೇಸವಿ, ದಾಭೋಳ–ಧೋಪಾವೆ, ತವಸಾಳ–ಜಯಗಡ ಈ ಮೂರು ಕಡೆ ಗಾಡಿಯನ್ನು ಖಾಡಿ ದಾಟಿಸುವ ಫೆರಿಗಳು ದೊಡ್ಡ ಸುತ್ತು ತಪ್ಪಿಸುತ್ತವೆ. ಕಡಲು ಇಳಿದಾಗ ಜೆಟ್ಟಿಯ ಇಳಿಜಾರು ಕಡಿದಾಗುತ್ತದೆ, ಉದ್ದ ಹಿಂಭಾಗದ ವ್ಯಾನಿನ ಬಂಪರ್ ಕಾಂಕ್ರೀಟಿಗೆ ತಾಗುವುದು ಆಗಲೇ. ಫೆರಿಯವರಿಗೆ ತೋರಿಸಿ ಕೇಳಿ, ಬೇಕಾದರೆ ನೀರೇರುವ ತನಕ ಕಾಯಿರಿ. ಹತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿಗೆ ಹಾಕಿ, ಗ್ಯಾಸ್ ವಾಲ್ವ್ ಮುಚ್ಚಿ.

ಗ್ಯಾಸಿಗೆ 5 ಕೆ.ಜಿ. ಸಿಲಿಂಡರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ. ಆದ್ದರಿಂದ ಸಿಲಿಂಡರಿನ ಗೂಡಿನ ತಳದಲ್ಲಿ ಹೊರಕ್ಕೆ ಹೋಗುವ ತೂತಿರಬೇಕು. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡರೆ ಒಲೆ ಹಚ್ಚುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ.

ಶೌಚದ ಕ್ಯಾಸೆಟ್ (ಕಳಚಿ ಒಯ್ದು ಬರಿದು ಮಾಡುವ ತೊಟ್ಟಿ) 20 ಲೀಟರಿನದಾದರೆ ಇಬ್ಬರಿಗೆ ಎರಡು-ಮೂರು ದಿನ. ಅದನ್ನು ಗದ್ದೆಬದಿಯ ಕಾಲುವೆಗೆ ಸುರಿಯಲೇಬಾರದು. ಕೊಂಕಣದ ಜಂಬಿಟ್ಟಿಗೆ ನೆಲದ ತುಂಬ ರಂಧ್ರಗಳು, ಮೇಲೆ ಚೆಲ್ಲಿದ್ದು ಯಾರದೋ ಮನೆಯ ಕುಡಿಯುವ ಬಾವಿ ಸೇರುತ್ತದೆ. ರೆಸಾರ್ಟಿನ ಶೌಚಾಲಯದಲ್ಲಿ ಅನುಮತಿ ಕೇಳಿ ಸುರಿದು, ಎರಡು ಬಕೆಟ್ ನೀರು ಹಾಕಿ. ಕ್ಯಾಸೆಟ್ಟಿಗೆ ಹಾಕುವ ರಾಸಾಯನಿಕ ಹೆಚ್ಚಾದರೆ ಅಲ್ಲಿನ ಸೆಪ್ಟಿಕ್ ಟ್ಯಾಂಕ್ ಕೆಡುತ್ತದೆ, ಬಾಟಲಿಯ ಮೇಲಿನ ಅಳತೆ ಮೀರಬೇಡಿ.

ಮಾಲವಣ, ವೆಂಗುರ್ಲೆಯಂಥ ಪೇಟೆಗಳ ಓಣಿ ಕಿರಿದು. ವ್ಯಾನನ್ನು ಊರಾಚೆ ಬಿಟ್ಟು ಆಟೋದಲ್ಲಿ ಹೋಗಿ. ಮರಳಿನ ಮೇಲೆ ಮಾತ್ರ ಎಲ್ಲೂ ಇಳಿಸಬೇಡಿ, ಹುಣ್ಣಿಮೆ, ಅಮಾವಾಸ್ಯೆಗೆ ನೀರು ಎಂದಿಗಿಂತ ಮೇಲೇರುತ್ತದೆ. ಗೋವಾದಲ್ಲಿ ಬೀಚಿನ ಮೇಲೆ ಗಾಡಿ ಓಡಿಸುವುದು ನಿಷಿದ್ಧ. ಪ್ರವಾಸಿ ಸ್ಥಳಗಳ ಬಯಲಿನಲ್ಲಿ ಅಡುಗೆ ಮಾಡಿದರೆ ದಂಡ ಬೀಳುತ್ತದೆ. ಗೋವಾದ ಪ್ರವಾಸಿ ಸ್ಥಳಗಳ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ ಅದು ಒಬ್ಬರಿಗೆ 2,000, ಗುಂಪಿಗೆ 10,000 ರೂಪಾಯಿ ಇತ್ತು, ಆಮೇಲೆ ಏರಿದೆ. ಅಲ್ಲಿ ಒಲೆ ಹಚ್ಚುವುದು ತಂಗುದಾಣದ ಆವರಣದೊಳಗೇ.

ಮರಳಿದ ದಿನವೇ ವ್ಯಾನಿನ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಸಿ, ಉಪ್ಪಿನ ಗಾಳಿ ಮೊದಲು ತಿನ್ನುವುದು ಬ್ರೇಕ್ ಪೈಪು, ಬೋಲ್ಟುಗಳನ್ನು. ನೀರಿನ ಟ್ಯಾಂಕ್ ಬರಿದು ಮಾಡಿ, ಮುಚ್ಚಳ ತೆರೆದು ಒಣಗಲು ಬಿಡಿ.