ಗಚ್ಚಿನ ಹೂಬಳ್ಳಿ: ಕೆರೆಯುವ ಮೊದಲು ಅಂಟಿಸಿ

ಹಳೇ ವಾಡೆಯ ಪಡಸಾಲೆಯಲ್ಲಿ ಗಚ್ಚಿನ, ಅಂದರೆ ಸುಣ್ಣದ ಗಾರೆಯ, ಹೂಬಳ್ಳಿ ಕಂಡರೆ ಸಾಕು, ಗೌಂಡಿ ಬಂದವನೇ ಬಣ್ಣ ಕೆರೆಯಲು ನಿಲ್ಲುತ್ತಾನೆ. ಬಣ್ಣದ ಜೊತೆ ಹೂವೂ ನೆಲಕ್ಕೆ ಬರುತ್ತದೆ. ಒಳಗೆ ಪೊಳ್ಳಾದ ಗಚ್ಚನ್ನು ಗೋಡೆಗೆ ಅಂಟಿಸಿದ ಮೇಲಷ್ಟೇ ಕೆರೆಯಬೇಕು.

ಸಂರಕ್ಷಿತ ಕಟ್ಟಡವಾದರೆ ಪುರಾತತ್ವ ಇಲಾಖೆಯ ಲಿಖಿತ ಒಪ್ಪಿಗೆ ಮೊದಲು. ವಿಜಯಪುರದಂಥ ಊರಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 300 ಮೀಟರ್‌ ಒಳಗಿನ ಮನೆಯ ರಿಪೇರಿಗೂ ಅನುಮತಿ ಬೇಕು. ಮಾಳಿಗೆ ಸೋರುತ್ತಿದ್ದರೆ ಅದನ್ನು ನಿಲ್ಲಿಸಿ, ಗೋಡೆ ಪೂರ್ತಿ ಒಣಗಲಿ.

ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಡಬ್‌ ಎಂದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಬಿರುಕಿನ ಅಂಚುಗಳನ್ನು ಸುಣ್ಣ, ನುಣುಪು ಮರಳಿನಿಂದ ಮುಚ್ಚಿ, ಮೇಲ್ತುದಿ ಮಾತ್ರ ತೆರೆದಿರಲಿ, ಗಾಳಿ ಹೊರಬೀಳಬೇಕಲ್ಲ. ಹೂವಿಲ್ಲದ ಬಯಲಲ್ಲಿ, ಪೊಳ್ಳಿನ ಕೆಳತುದಿಗೆ 3 ಮಿ.ಮೀ. ತೂತು ಕೊರೆಯಿರಿ, ಕೈ ಡ್ರಿಲ್‌ನಿಂದ. ನೀರು, ಸ್ಪಿರಿಟ್‌ ಸಮಸಮ ಬೆರೆಸಿ ಸಿರಿಂಜಿನಲ್ಲಿ ಒಳಗೆ ಬಿಡಿ. ಈ ಹಂತ ಬಿಟ್ಟರೆ ಒಣ ಗಚ್ಚು ನೀರು ಹೀರಿ, ಆಮೇಲೆ ತುಂಬುವ ಸುಣ್ಣದ ರಸ ತೂತಿನ ಬಾಯಲ್ಲೇ ಗಟ್ಟಿಯಾಗುತ್ತದೆ. ರಸಕ್ಕೆ, ತಿಂಗಳುಗಟ್ಟಲೆ ನೀರಲ್ಲಿ ನೆನೆದ ಸುಣ್ಣದ ತಿಳಿಮುದ್ದೆ ಒಂದು ಪಾಲು, ಬಟ್ಟೆಯಲ್ಲಿ ಸೋಸಿದ ಇಟ್ಟಿಗೆ ಪುಡಿ ಒಂದು ಪಾಲು, ಮಜ್ಜಿಗೆಯಷ್ಟು ತೆಳುವಾಗುವಷ್ಟು ನೀರು. ಇಟ್ಟಿಗೆ ಪುಡಿ ಇಲ್ಲದಿದ್ದರೆ ಗಾಳಿ ಸಿಗದ ಪೊಳ್ಳಿನಲ್ಲಿ ಬರೀ ಸುಣ್ಣ ಗಟ್ಟಿಯಾಗದು. ಈ ರಸವನ್ನು ಅದೇ ತೂತಿನಿಂದ ಸಿರಿಂಜಿನಲ್ಲಿ ಬಿಡಿ, ಸಲಕ್ಕೆ 20 ಮಿ.ಲೀ. ಮೀರಬೇಡಿ. ಒಮ್ಮೆಲೇ ತುಂಬಿದರೆ ಅದರ ಭಾರಕ್ಕೇ ಗಚ್ಚು ಕಳಚುತ್ತದೆ. ಹತ್ತಿ, ಹಲಗೆ ಒತ್ತಿಟ್ಟು ಊರುಗೋಲು ಕೊಟ್ಟು ಮರುದಿನದವರೆಗೆ ಬಿಡಿ, ಆಮೇಲೆ ಮತ್ತೆ ತಟ್ಟಿ ನೋಡಿ.

ರಸಕ್ಕೆ ಬೆಲ್ಲದ ನೀರು ಬೇಕೇ ಬೇಕೆನ್ನುವವರಿದ್ದಾರೆ. ಹೆಚ್ಚಾದರೆ ಸುಣ್ಣ ಬೇಗ ಹಿಡಿಯುವುದಿಲ್ಲ. ನನ್ನ ಮಾತು ಕೇಳಿದರೆ ಬೇಡ.

ಬಣ್ಣ ತೆಗೆಯಲು ಶಸ್ತ್ರಚಿಕಿತ್ಸೆಯ ಬ್ಲೇಡು, ಒದ್ದೆ ಹತ್ತಿ ಸಾಕು. 5 ಸೆಂ.ಮೀ. ಚೌಕದಲ್ಲಿ ಪದರ ಪದರವಾಗಿ ಪರೀಕ್ಷಿಸಿ. ಕೆಳಗೆ ಹಳೇ ಕೆಂಪೋ ನೀಲಿಯೋ ಇಣುಕಿದರೆ ಅಲ್ಲಿಗೇ ನಿಲ್ಲಿಸಿ, ಚಿತ್ರ ಸಂರಕ್ಷಣೆ ಬಲ್ಲವರನ್ನು ಕರೆಯಿರಿ. ತಂತಿ ಬ್ರಷ್‌, ಆ್ಯಸಿಡ್‌, ಗ್ರೈಂಡರ್‌ ಹೊಸ್ತಿಲು ದಾಟಬಾರದು.

ಉದುರಿದ ಎಸಳಿಗೆ ಸುಣ್ಣ ಒಂದು, ಜರಡಿ ಮರಳು ಎರಡು. ಮೇಲಿನ ನುಣುಪಿಗೆ ಸುಣ್ಣ, ಅಮೃತಶಿಲೆಯ ಪುಡಿ ಸಮ. ಎದುರು ಬದಿಯ ಜೋಡಿ ಹೂವಿನಿಂದ ನಕಲು ತೆಗೆಯಿರಿ, ಊಹಿಸಿ ಕೆತ್ತಬೇಡಿ. ಪಿಒಪಿ (ಪ್ಲಾಸ್ಟರ್‌ ಆಫ್‌ ಪ್ಯಾರಿಸ್‌) ತೇವಕ್ಕೆ ಮೆತ್ತಗಾಗುತ್ತದೆ, ಸಿಮೆಂಟು ತನ್ನ ಬಿಗುವಿಗೆ ಪಕ್ಕದ ಗಚ್ಚನ್ನೇ ಸೀಳುತ್ತದೆ. 'ಸುಣ್ಣದ ಬಣ್ಣ' ಎಂದು ಮಾರುವ ಡಬ್ಬಿಯ ಹಿಂಬದಿ ಓದಿ. ಆಕ್ರಿಲಿಕ್‌ ಇದ್ದರೆ ವಾಪಸ್‌ ಕೊಡಿ.

ಬೇಸಿಗೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಬಿಸಿಗಾಳಿಗೆ ಸುಣ್ಣ ಹಿಡಿಯುವ ಮೊದಲೇ ಒಣಗಿ ಪುಡಿಯಾಗುತ್ತದೆ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಸರಿ. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ, ವಾರವಿಡೀ ದಿನಕ್ಕೆ ಮೂರು ಸಲ ನೀರು ಚಿಮುಕಿಸಿ.