ಗೂಗಲ್ ಜಾಹೀರಾತಿನ ಹಣ ಎಲ್ಲಿ ಸೋರುತ್ತಿದೆ?

ಸಕಲೇಶಪುರದ ಬಳಿ ಕಾಫಿ ತೋಟದ ನಡುವೆ ನಾಲ್ಕು ಕೋಣೆಗಳ ಹೋಮ್‌ಸ್ಟೇ ಇದೆ ಎಂದುಕೊಳ್ಳಿ. ಮಾಲೀಕರು ಗೂಗಲ್ ಆ್ಯಡ್ಸ್‌ನಲ್ಲಿ ದಿನಕ್ಕೆ 300 ರೂಪಾಯಿ ತೊಡಗಿಸಿದ್ದಾರೆ. ಕ್ಲಿಕ್‌ಗಳು ಬರುತ್ತಿವೆ, ಹಣ ಕರಗುತ್ತಿದೆ, ಕೋಣೆಗಳು ಮಾತ್ರ ಖಾಲಿ. ಇಂಥ ಹೊತ್ತಿನಲ್ಲಿ ಬಜೆಟ್ ಏರಿಸಲು ಕೈ ತುರಿಸುತ್ತದೆ. ದಯವಿಟ್ಟು ಏರಿಸಬೇಡಿ. ಕೊಡದ ತೂತು ಮುಚ್ಚದೆ ನೀರು ತುಂಬಿ ಫಲವಿಲ್ಲ.

ಮೊದಲು ಎಣಿಕೆ

ಕ್ಲಿಕ್ ಎಂದರೆ ಗಿರಾಕಿಯಲ್ಲ. ನಿಮ್ಮ ವೆಬ್‌ಸೈಟಿನಲ್ಲಿ ಫೋನ್ ಸಂಖ್ಯೆಯನ್ನೋ ವಾಟ್ಸ್‌ಆ್ಯಪ್ ಗುಂಡಿಯನ್ನೋ ಒತ್ತಿದವರನ್ನು ಲೆಕ್ಕ ಹಾಕುವಂತೆ ಖಾತೆಯಲ್ಲಿ ಕನ್ವರ್ಷನ್ ಟ್ರ್ಯಾಕಿಂಗ್ ಅಳವಡಿಸಿ. ಜೊತೆಗೆ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಕರೆ ಮಾಡಿದ ಪ್ರತಿಯೊಬ್ಬರನ್ನೂ ‘ನಮ್ಮ ವಿಷಯ ಎಲ್ಲಿ ತಿಳಿಯಿತು?’ ಎಂದು ಕೇಳಿ ಬರೆದುಕೊಳ್ಳಿ. ಈ ಎಣಿಕೆ ಇಲ್ಲದಿದ್ದರೆ ಮುಂದಿನ ಯಾವ ಹೆಜ್ಜೆಯಿಂದ ಲಾಭವಾಯಿತೆಂದು ತಿಳಿಯುವುದೇ ಇಲ್ಲ.

ಜನ ಟೈಪ್ ಮಾಡಿದ್ದೇನು?

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ನೀವು ಆರಿಸಿದ ಕೀವರ್ಡ್ (ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಬೇಕೆಂದು ಖಾತೆಯಲ್ಲಿ ಕೊಡುವ ಪದ) ಬೇರೆ, ಜನ ನಿಜವಾಗಿ ಹುಡುಕಿದ ಮಾತು ಬೇರೆ. ಆ ಮಾತುಗಳ ಪಟ್ಟಿ ‘ಸರ್ಚ್ ಟರ್ಮ್ಸ್’ ವರದಿಯಲ್ಲಿ ಸಿಗುತ್ತದೆ. ತೀರಾ ಕಡಿಮೆ ಜನ ಹುಡುಕಿದವು ಅದರಲ್ಲಿ ಕಾಣುವುದಿಲ್ಲ, ಆದರೂ ಕಂಡಷ್ಟೇ ಸಾಕಷ್ಟು ಪಾಠ ಕಲಿಸುತ್ತದೆ. ನಿಮ್ಮ ಕೀವರ್ಡ್ ‘ಸಕಲೇಶಪುರ ಹೋಮ್‌ಸ್ಟೇ’ ಆಗಿದ್ದು, ಬ್ರಾಡ್ ಮ್ಯಾಚ್‌ನಲ್ಲಿ, ಅಂದರೆ ಸಂಬಂಧಪಟ್ಟ ಬೇರೆ ಹುಡುಕಾಟಗಳಿಗೂ ತೋರಿಸುವ ಆಯ್ಕೆಯಲ್ಲಿ ಇದ್ದರೆ, ‘ಹೋಮ್‌ಸ್ಟೇ ಲೈಸೆನ್ಸ್ ಪಡೆಯುವುದು ಹೇಗೆ’, ‘ಹೋಮ್‌ಸ್ಟೇ ಅಡುಗೆ ಕೆಲಸ’, ‘ಚಿಕ್ಕಮಗಳೂರು ರೆಸಾರ್ಟ್’ ಎಂದು ಹುಡುಕಿದವರಿಗೂ ಜಾಹೀರಾತು ಕಾಣಬಹುದು. ಕ್ಲಿಕ್ಕಿಗೆ 15 ರೂಪಾಯಿಯಂತೆ ದಿನಕ್ಕೆ 20 ಕ್ಲಿಕ್ ಬಂದು, ಅದರಲ್ಲಿ ಎಂಟು ಇಂಥವೇ ಆದರೆ 120 ರೂಪಾಯಿ ಸೋರಿತು.

ಆದ್ದರಿಂದ ಚಿಕ್ಕ ಬಜೆಟ್ಟಿನವರು ಫ್ರೇಸ್ ಅಥವಾ ಎಕ್ಸಾಕ್ಟ್ ಮ್ಯಾಚ್‌ನಿಂದ ಶುರು ಮಾಡುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಕೀವರ್ಡನ್ನು ಉದ್ಧರಣ ಚಿಹ್ನೆಯೊಳಗೆ ಬರೆದರೆ ಫ್ರೇಸ್ (ಆ ಅರ್ಥವನ್ನು ಒಳಗೊಂಡ ಹುಡುಕಾಟಗಳಿಗೆ), ಚೌಕ ಆವರಣದೊಳಗೆ ಬರೆದರೆ ಎಕ್ಸಾಕ್ಟ್ (ಅದೇ ಅರ್ಥದ ಹುಡುಕಾಟಗಳಿಗೆ ಮಾತ್ರ). ವರದಿಯಲ್ಲಿ ಕಂಡ ಬೇಡದ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ (ಈ ಪದವಿದ್ದರೆ ಜಾಹೀರಾತು ತೋರಿಸಬೇಡ ಎಂಬ ಪಟ್ಟಿ) ಹಾಕಿ: ಕೆಲಸ, ಲೈಸೆನ್ಸ್, ಮಾರಾಟಕ್ಕೆ. ಜನ ಇಂಗ್ಲಿಷ್ ಅಕ್ಷರಗಳಲ್ಲೂ ಹುಡುಕುವುದರಿಂದ ಎರಡೂ ಲಿಪಿಗಳಲ್ಲಿ ಸೇರಿಸಬೇಕು. ನೆಗೆಟಿವ್ ಪಟ್ಟಿ ಏಕವಚನದಿಂದ ಬಹುವಚನವನ್ನು ಊಹಿಸುವುದಿಲ್ಲ. ‘ಜಾಬ್’ ತಡೆದರೆ ‘ಜಾಬ್ಸ್’ ತಪ್ಪಿಸಿಕೊಳ್ಳುತ್ತದೆ. ಆದರೆ ಉತ್ಸಾಹದಲ್ಲಿ ‘ದರ’, ‘ರೇಟ್’ ಎಂಬ ಪದಗಳನ್ನು ತಡೆಯಬೇಡಿ. ದರ ಕೇಳುವವರೇ ಹೊರಡಲು ಸಿದ್ಧರಾದವರು.

ಯಾವ ಊರಿನವರಿಗೆ?

ಹೋಮ್‌ಸ್ಟೇ ಸಕಲೇಶಪುರದಲ್ಲಿದ್ದರೂ ಬರುವವರು ಹೆಚ್ಚಾಗಿ ಬೆಂಗಳೂರು, ಮೈಸೂರು, ಮಂಗಳೂರಿನವರು. ಹಾಗಾಗಿ ಸ್ಥಳದ ಆಯ್ಕೆಯಲ್ಲಿ ಆ ಊರುಗಳೇ ಇರಲಿ. ಹಾಸನದ ದಂತವೈದ್ಯರ ಲೆಕ್ಕ ಬೇರೆ: ಅವರು ಹಾಸನವನ್ನೇ ಆರಿಸಿ, ಅಲ್ಲಿ ಇರುವವರಿಗೆ ಮಾತ್ರ ಎಂದು ಗುರುತು ಹಾಕಬೇಕು. ತಾನಾಗಿ ಬರುವ ಆಯ್ಕೆಯಲ್ಲಿ ಆ ಊರಿನ ಬಗ್ಗೆ ಆಸಕ್ತಿ ತೋರಿದ ಹೊರಗಿನವರೂ ಸೇರಿರುತ್ತಾರೆ. ಇದೇ ಸೆಟ್ಟಿಂಗ್ಸ್‌ನಲ್ಲಿ ಹುಡುಕಾಟದ ಹೊರಗೆ ಬೇರೆ ವೆಬ್‌ಸೈಟು, ಆ್ಯಪ್‌ಗಳಲ್ಲಿ ಜಾಹೀರಾತು ತೋರಿಸುವ ಡಿಸ್‌ಪ್ಲೇ ನೆಟ್‌ವರ್ಕ್ ಗುರುತನ್ನೂ ತೆಗೆದುಬಿಡಿ.

ಜಾಹೀರಾತಿನ ಮಾತು

ಒಂದು ಜಾಹೀರಾತಿಗೆ 15 ಶೀರ್ಷಿಕೆಗಳವರೆಗೆ, ತಲಾ 30 ಅಕ್ಷರ. ನಾಲ್ಕು ವಿವರಣೆಗಳವರೆಗೆ, ತಲಾ 90 ಅಕ್ಷರ ಬರೆಯಲು ಅವಕಾಶವಿದೆ. ‘ನಿಸರ್ಗದ ಮಡಿಲಲ್ಲಿ’ ಎಂದು ಎಲ್ಲರೂ ಬರೆಯುತ್ತಾರೆ. ನೀವು ‘ಊಟ ಸೇರಿ ತಲೆಗೆ ₹2,500’ ಎಂದು ಬರೆಯಿರಿ. ಅಷ್ಟು ಕೊಡಲಾಗದವರು ಕ್ಲಿಕ್ ಮಾಡದೆ ಮುಂದೆ ಹೋಗುತ್ತಾರೆ. ಅವರ ಸಮಯವೂ ಉಳಿಯಿತು, ನಿಮ್ಮ ಹಣವೂ ಉಳಿಯಿತು. ಕ್ಲಿಕ್ ಮಾಡಿದವರು ತಲುಪುವ ಪುಟದಲ್ಲಿ ಅದೇ ದರ, ಕೋಣೆಯ ನಿಜವಾದ ಫೋಟೋ, ಫೋನ್ ಸಂಖ್ಯೆ ಕಣ್ಣಿಗೆ ಬೀಳುವಂತಿರಲಿ. ಪುಟ ಮೊಬೈಲ್‌ನಲ್ಲಿ ಬೇಗ ತೆರೆಯಲಿ. ಕ್ಲಿಕ್ ಆಗುವ ಸಾಧ್ಯತೆ, ಹುಡುಕಿದ ಮಾತಿಗೂ ಜಾಹೀರಾತಿಗೂ ಇರುವ ನಂಟು, ತಲುಪುವ ಪುಟದ ಗುಣಮಟ್ಟ ಈ ಮೂರನ್ನೂ ನೋಡಿ ಗೂಗಲ್ ಪ್ರತಿ ಕೀವರ್ಡಿಗೆ 1ರಿಂದ 10ರವರೆಗೆ ಕ್ವಾಲಿಟಿ ಸ್ಕೋರ್ ಕೊಡುತ್ತದೆ. ಮೂರರಲ್ಲಿ ಯಾವುದು ಸೊರಗಿದೆ ಎಂಬುದನ್ನು ಅದರಿಂದ ತಿಳಿಯಬಹುದು. ಈ ಗುಣಗಳು ಚೆನ್ನಾಗಿದ್ದರೆ ಕಡಿಮೆ ಬಿಡ್‌ನಲ್ಲೂ (ಒಂದು ಕ್ಲಿಕ್ಕಿಗೆ ಕೊಡಲು ಒಪ್ಪಿದ ಹಣ) ಮೇಲಿನ ಜಾಗ ಸಿಗಬಹುದು.

ಬಜೆಟ್ ಕಡೆಗೆ

ಒಂದು ಬದಲಾವಣೆ ಮಾಡಿದ ಮೇಲೆ ಎರಡು ವಾರ ಕೈ ಕಟ್ಟಿ ಕುಳಿತುಕೊಳ್ಳಿ. ಒಂದು ಬುಕಿಂಗಿಗೆ ಎಷ್ಟು ಖರ್ಚಾಯಿತೆಂದು ನೋಡಿ, ಅದು ಗಿಟ್ಟುವಂತಿದ್ದರೆ ಆಗ ಬಜೆಟ್ ಏರಿಸಿ. ದಿನಕ್ಕೆ 300 ಎಂದು ಹಾಕಿದರೂ ಯಾವುದಾದರೂ ಒಂದು ದಿನ 600ರವರೆಗೆ ಖರ್ಚಾಗಬಹುದು, ಗಾಬರಿ ಬೇಡ. ತಿಂಗಳ ಮಿತಿ ದಿನದ ಬಜೆಟ್ಟಿನ 30.4 ಪಟ್ಟು, ಅಂದರೆ 9,120 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ ಸುಮಾರು 10,760.

ಇನ್ನು ವೇಳಾಪಟ್ಟಿ. ತೋಟದಲ್ಲಿ ನೆಟ್‌ವರ್ಕ್ ಸಿಗದ ಹೊತ್ತು, ಕರೆ ಎತ್ತಲು ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಯಾವುದೆಂದು ನಿಮಗೆ ಗೊತ್ತೇ ಇದೆ. ಆ ಗಂಟೆಗಳಲ್ಲಿ ಜಾಹೀರಾತು ನಿಲ್ಲಿಸಿಡಿ.