ಅಲಸಂದೆ ಗದ್ದೆಯ ಹೇನು: ಔಷಧಿ ಪಂಪು ಇಳಿಸುವ ಮೊದಲು ನಾನು ನೋಡುವುದು

ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಉಳಿದ ಪಸೆಗೆ ತೀರ್ಥಹಳ್ಳಿ ಕಡೆಯ ನಾವು ಅಲಸಂದೆ, ಉದ್ದು ಬಿತ್ತುತ್ತೇವೆ. ಅಲಸಂದೆ ಹೂ ಬಿಡುವ ಹೊತ್ತಿಗೆ ಕುಡಿ, ಎಳೆಕಾಯಿ ಮೇಲೆಲ್ಲ ಕಪ್ಪು ಹೇನು ಹತ್ತುತ್ತದೆ. ಇದರ ಹೆಣ್ಣಿಗೆ ಗಂಡೇ ಬೇಡ, ಮೊಟ್ಟೆಯ ಗೊಡವೆಯೂ ಇಲ್ಲ, ನೇರ ಮರಿ ಹಾಕುತ್ತದೆ. ಆ ಮರಿ ವಾರದೊಳಗೇ ತಾಯಿಯಾಗಬಹುದು. ಹೆಚ್ಚದೆ ಇನ್ನೇನು!

ಹಾಗಂತ ಕಂಡ ಕೂಡಲೇ ನಾನು ಔಷಧಿ ಹೊಡೆಯುವುದಿಲ್ಲ. ಅಲ್ಲಲ್ಲಿ ಕುಡಿ ಬಗ್ಗಿಸಿ, ಹೇನಿನ ನಡುವೆ ಬೇರೆ ಯಾರಿದ್ದಾರೆ ಅಂತ ಹುಡುಕುತ್ತೇನೆ. ಹೇನು ತಿನ್ನುವ ಗುಲಗಂಜಿ ಹುಳ ಎಲ್ಲರಿಗೂ ಗೊತ್ತು. ಆದರೆ ಅದರ ಮರಿಯ ಮೈ ಉದ್ದ, ಬೂದು ಬಣ್ಣ, ಮೇಲೆ ಹಳದಿ ಚುಕ್ಕಿ, ಪುಟಾಣಿ ಮೊಸಳೆಯ ಹಾಗೆ. "ಭಾವ, ಇದೆಂಥ ಹುಳ ಮಾರಾಯ್ರೆ, ಮೊದಲು ಇದಕ್ಕೆ ಹೊಡೀರಿ" ಅಂತ ಪಕ್ಕದ ಗದ್ದೆಯವರೇ ಹೇಳಿದ್ದುಂಟು. ದೊಡ್ಡ ಹುಳಕ್ಕಿಂತ ಇದರ ಹಸಿವೇನೂ ಕಮ್ಮಿಯಲ್ಲ.

ಹೂವಿನ ಮೇಲೆ ಸುಳಿದಾಡುವ ಸಿರ್ಫಿಡ್ ನೊಣದ ಮರಿ ಇನ್ನೂ ಮೋಸಗಾರ. ಕಾಲಿಲ್ಲ, ಕಣ್ಣಿಲ್ಲ, ಎಲೆಯದೇ ಹಸಿರು. ತಲೆಯನ್ನು ಆ ಕಡೆ ಈ ಕಡೆ ಆಡಿಸಿ ತಡಕುತ್ತದೆ. ಹೇನು ತಾಗಿದರೆ ಕಚ್ಚಿ ಮೇಲಕ್ಕೆತ್ತಿ, ರಸ ಹೀರಿ, ಸಿಪ್ಪೆ ಬಿಸಾಕುತ್ತದೆ. ಬಿಸಿಲೇರುವ ಮೊದಲು ನೋಡಿದರೆ ಸಿಗುತ್ತದೆ.

ಕರಿ ಹೇನುಗಳ ಮಧ್ಯೆ ಒಣಹುಲ್ಲಿನ ಬಣ್ಣದ, ಊದಿಕೊಂಡ ಹೇನು ಅಲುಗದೆ ಎಲೆಗೆ ಅಂಟಿಕೊಂಡಿದ್ದರೆ ನನಗೆ ಅರ್ಧ ಸಮಾಧಾನ. ಅದರೊಳಗೆ ಸಣ್ಣ ಕಣಜದ ಮರಿ ಬೆಳೆಯುತ್ತಿರುತ್ತದೆ. ಬೆನ್ನಲ್ಲಿ ದುಂಡನೆಯ ತೂತಿದ್ದರೆ ಕಣಜ ಆಗಲೇ ಹಾರಿಹೋಗಿದೆ ಅಂತ ಲೆಕ್ಕ.

ಇವೆಲ್ಲ ಕಂಡರೆ ಸುಮ್ನೆ ಇರುತ್ತೇನೆ. ತೀರಾ ಕಿಕ್ಕಿರಿದ ಕುಡಿ ಮಾತ್ರ ಚಿವುಟಿ ಸೋಪಿನ ನೀರಿನ ಬಕೆಟ್ಟಿಗೆ ಹಾಕುತ್ತೇನೆ. ಯಾವುದೂ ಕಾಣದೆ ಹೇನು ಏರುತ್ತಲೇ ಇದ್ದರೆ ಶೇ. 5ರ ಬೇವಿನ ಬೀಜದ ಕಷಾಯ, ಅದೂ ಸಂಜೆ, ಹತ್ತಿದ ಕಡೆಗಷ್ಟೇ. ಡೈಮಿಥೊಯೇಟ್‌ನಂಥ ರಾಸಾಯನಿಕ ಕೀಟನಾಶಕ ಹೊಡೆದರೆ ಹೇನಿನ ಜೊತೆ ಇವೂ ಸಾಯುತ್ತವೆ. ಆಮೇಲೆ ಮೊದಲು ಚೇತರಿಸುವುದು ಹೇನೇ ಅಲ್ವಾ?

ದೊಡ್ಡ ತಲೆನೋವು ಇರುವೆ. ಹೇನು ಬಿಡುವ ಸಿಹಿ ಅಂಟಿನ ಆಸೆಗೆ ಕಾವಲು ನಿಂತು ಗುಲಗಂಜಿ ಮರಿಯನ್ನು ಓಡಿಸುತ್ತವೆ. ಮನೆ ಹಿಂದಿನ ಅವರೆ ಚಪ್ಪರಕ್ಕೆ ತಾಗುವ ಮಾವಿನ ಗೆಲ್ಲು ಕಡಿದ ಮೇಲೆ ಚಗಳಿ (ಮರದ ಕೆಂಪಿರುವೆ) ಕಾಟ ತಗ್ಗಿತು. ಬದುವಿನ ಮೇಲೆ ಒಂದಿಷ್ಟು ಕೊತ್ತಂಬರಿ, ಸಾಸಿವೆ ಕೀಳದೆ ಹೂವಿಗೆ ಬಿಡುತ್ತೇನೆ. ಸಿರ್ಫಿಡ್ ನೊಣ, ಕಣಜ ಎರಡಕ್ಕೂ ಅಲ್ಲೇ ಊಟ.